ಐಸಿಯುನಲ್ಲಿ ಊಟ: ಬರೆದದ್ದೆಷ್ಟು, ಹೊಟ್ಟೆ ಸೇರಿದ್ದೆಷ್ಟು?

ತೀವ್ರ ನಿಗಾ ಘಟಕದಲ್ಲಿರುವ ರೋಗಿಗಳ ಆಹಾರದ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಮನೆಯವರೂ ಬರೆದಿದ್ದಾರೆ, ಐಸಿಯುನಲ್ಲಿ ಕೆಲಸ ಮಾಡುವ ನರ್ಸ್‌ಗಳೂ ಬರೆದಿದ್ದಾರೆ. ಇಲ್ಲಿರುವ ಅಂಕಿಗಳೆಲ್ಲ ವಯಸ್ಕರಿಗೆ. ಮಕ್ಕಳ ಲೆಕ್ಕವೇ ಬೇರೆ. ಯಾವುದನ್ನೂ ನೀವಾಗಿಯೇ ಬದಲಾಯಿಸಲು ಹೋಗಬೇಡಿ. ವೈದ್ಯರ ಹತ್ತಿರ, ಡಯಟೀಷಿಯನ್ ಹತ್ತಿರ ಸರಿಯಾದ ಪ್ರಶ್ನೆ ಕೇಳುವುದಕ್ಕೆ ಇವನ್ನು ಬಳಸಿಕೊಳ್ಳಿ.

ಪ್ರಶ್ನೆ: ತಂದೆಯವರಿಗೆ ನ್ಯುಮೋನಿಯಾ ಜೋರಾಗಿ ಮೂರು ದಿನದಿಂದ ವೆಂಟಿಲೇಟರ್‌ನಲ್ಲಿದ್ದಾರೆ. ಮೂಗಿನ ಟ್ಯೂಬಿನಲ್ಲಿ ಗಂಟೆಗೆ 20 ಮಿ.ಲೀ. ಹಾಲಿನಂಥ ದ್ರವ ಬಿಡುತ್ತಾರೆ, ಅಷ್ಟೇ. ಕೇಳಿದರೆ ‘ಸದ್ಯಕ್ಕೆ ಇಷ್ಟು ಸಾಕು’ ಅನ್ನುತ್ತಾರೆ. ಹೊಟ್ಟೆಗಿಲ್ಲದೆ ಸೊರಗಿಹೋಗುವುದಿಲ್ಲವೇ?

ಉತ್ತರ: ನಿಮ್ಮ ಸಂಕಟ ಸಹಜ. ಆದರೆ ಮೂರನೇ ದಿನದ ಮಟ್ಟಿಗೆ ನಿಮ್ಮ ತಂದೆಯವರನ್ನು ಉಪವಾಸ ಕೆಡವಿದ್ದಾರೆ ಎಂದುಕೊಳ್ಳಬೇಡಿ. ಕಾಯಿಲೆ ತಾರಕದಲ್ಲಿರುವಾಗ ದೇಹ ತನ್ನದೇ ಸ್ನಾಯು, ಕೊಬ್ಬನ್ನು ಕರಗಿಸಿ ಸಕ್ಕರೆ ತಯಾರಿಸಿಕೊಳ್ಳುತ್ತಿರುತ್ತದೆ. ಆರೋಗ್ಯವಂತರಲ್ಲಾದರೆ ಊಟ ಮಾಡಿದ ಕೂಡಲೇ ಈ ಕೆಲಸ ನಿಲ್ಲುತ್ತದೆ. ತೀವ್ರವಾಗಿ ಅಸ್ವಸ್ಥರಾದವರಲ್ಲಿ ನಿಲ್ಲುವುದಿಲ್ಲ. ಒಳಗಿನಿಂದ ಅರ್ಧಕ್ಕೂ ಮೇಲೆ ಶಕ್ತಿ ಬರುತ್ತಿರುವಾಗಲೇ ಹೊರಗಿನಿಂದಲೂ ಪೂರ್ತಿ ಕೊಟ್ಟರೆ ಅದು ಅತಿಯಾಗುತ್ತದೆ: ಸಕ್ಕರೆ ಏರುತ್ತದೆ, ವಾಂತಿಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಉಸಿರಾಟದ ಹೊರೆಯೂ ಬೆಳೆಯುತ್ತದೆ.

ಹಾಗಾಗಿ ಈಗಿನ ರೂಢಿ ಹೀಗಿದೆ. ಟ್ಯೂಬ್ ಮೂಲಕ ಆಹಾರವನ್ನು ದಾಖಲಾದ 48 ಗಂಟೆಯೊಳಗೆ ಶುರುಮಾಡಬೇಕು, ಆದರೆ ಗಂಟೆಗೆ 10ರಿಂದ 20 ಮಿ.ಲೀ.ನಷ್ಟು ಸಣ್ಣದಾಗಿ. ಈ ಅಲ್ಪ ಪ್ರಮಾಣವೂ ವ್ಯರ್ಥವಲ್ಲ. ಕರುಳಿನ ಒಳಪದರ ಬದುಕುವುದೇ ಅದರೊಳಗೆ ಹರಿಯುವ ಆಹಾರದಿಂದ. ಮೊದಲ ಕೆಲವು ದಿನ ಒಟ್ಟು ಅಗತ್ಯದ ಶೇ 70ನ್ನು ದಾಟದಂತೆ ನೋಡಿಕೊಂಡು, ಮೂರು ದಿನ ಕಳೆದ ಮೇಲೆ ಹಂತ ಹಂತವಾಗಿ ಏರಿಸುತ್ತಾರೆ. 2023ರಲ್ಲಿ ಪ್ರಕಟವಾದ ನ್ಯೂಟ್ರಿರಿಯಾ-3 ಎಂಬ ಫ್ರೆಂಚ್ ಅಧ್ಯಯನದಲ್ಲಿ ವೆಂಟಿಲೇಟರ್‌ನಲ್ಲಿದ್ದು, ರಕ್ತದೊತ್ತಡ ಕುಸಿಯದಂತೆ ತಡೆಯುವ ಔಷಧವನ್ನೂ ಪಡೆಯುತ್ತಿದ್ದ 3,044 ರೋಗಿಗಳಿದ್ದರು. ಮೊದಲ ವಾರ ಒಂದು ಗುಂಪಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 6 ಕಿಲೋಕ್ಯಾಲರಿ, ಇನ್ನೊಂದಕ್ಕೆ 25. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಡಿಮೆ ಪಡೆದವರು ಐಸಿಯುನಿಂದ ಬೇಗ ಹೊರಬರುವಂತಾದರು, ಅವರಲ್ಲಿ ವಾಂತಿ, ಬೇಧಿಯೂ ಕಡಿಮೆಯಿತ್ತು.

ಇದನ್ನು ಓದಿ ‘ಹಾಗಾದರೆ ಕಡಿಮೆಯೇ ಒಳ್ಳೆಯದು’ ಎಂದು ನಿಶ್ಚಿಂತರಾಗಬೇಡಿ. ಅದು ಮೊದಲ ವಾರದ ಮಾತು. ಐಸಿಯು ರೋಗಿಗಳ ತೊಡೆಯ ಮುಂಭಾಗದ ಸ್ನಾಯುವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದು ನೋಡಿದ 2013ರ ಅಧ್ಯಯನವೊಂದರಲ್ಲಿ, ಹತ್ತೇ ದಿನದಲ್ಲಿ ಅದರ ಅಡ್ಡಳತೆಯ ವಿಸ್ತೀರ್ಣ ಸರಾಸರಿ ಶೇ 17.7ರಷ್ಟು ಕುಗ್ಗಿತ್ತು. ಆ ಸ್ನಾಯು ಮರಳಿ ಬರಲು ತಿಂಗಳುಗಟ್ಟಲೆ ಬೇಕು. ಆದ್ದರಿಂದ ನಾಲ್ಕನೇ ದಿನ ನೀವು ಕೇಳಬೇಕಾದದ್ದು ‘ಇವತ್ತಿನಿಂದ ಏರಿಸುತ್ತೀರಾ?’ ಎಂದು. ಏಳನೇ ದಿನ ‘ಗುರಿ ಎಷ್ಟು, ನಿನ್ನೆ ನಿಜವಾಗಿ ಎಷ್ಟು ಹೋಗಿದೆ?’ ಎಂದು ಕೇಳಿ. ಏಳನೇ ದಿನವೂ ಗಂಟೆಗೆ 20 ಮಿ.ಲೀ.ನಲ್ಲೇ ನಿಂತಿದ್ದರೆ ಅದಕ್ಕೊಂದು ಸ್ಪಷ್ಟ ಕಾರಣ ಇರಲೇಬೇಕು.

ಪೂರ್ತಿ ತಡೆಹಿಡಿಯಬೇಕಾದ ಸಂದರ್ಭಗಳೂ ಇವೆ: ರಕ್ತದೊತ್ತಡ ನಿಲ್ಲದೆ ಔಷಧದ ಪ್ರಮಾಣ ಗಂಟೆಗಂಟೆಗೂ ಏರುತ್ತಿದ್ದರೆ, ಕರುಳು ಕಟ್ಟಿಕೊಂಡಿದ್ದರೆ, ಕರುಳಿಗೆ ರಕ್ತ ಹೋಗುತ್ತಿಲ್ಲ ಎಂಬ ಶಂಕೆಯಿದ್ದರೆ, ಹೊಟ್ಟೆಯಲ್ಲಿ ರಕ್ತಸ್ರಾವ ಹತೋಟಿಗೆ ಬಂದಿರದಿದ್ದರೆ. ‘ಕರುಳಿನ ಸದ್ದು ಕೇಳಿಸುತ್ತಿಲ್ಲ’ ಎಂಬುದೊಂದೇ ಕಾರಣ ಸಾಲದು.

ಇನ್ನೊಂದು ಮಾತು. ಕೈಗೆ ಹಾಕಿರುವ ಗ್ಲೂಕೋಸ್ ಬಾಟಲಿಯನ್ನು ಊಟ ಎಂದುಕೊಳ್ಳುವವರು ಬಹಳ. ಶೇ 5ರ ಗ್ಲೂಕೋಸ್ ಒಂದು ಲೀಟರ್‌ನಲ್ಲಿರುವುದು 170 ಕಿಲೋಕ್ಯಾಲರಿ. ಪ್ರೋಟೀನ್ ಸೊನ್ನೆ.

ಪ್ರಶ್ನೆ: ನಾನು ಐಸಿಯು ನರ್ಸ್. ಚಾರ್ಟಿನಲ್ಲಿ 1,500 ಮಿ.ಲೀ. ಎಂದಿರುತ್ತದೆ, ದಿನದ ಕೊನೆಗೆ ಕೂಡಿ ನೋಡಿದರೆ 1,000 ದಾಟಿರುವುದಿಲ್ಲ. ಎಲ್ಲಿ ಸೋರಿಹೋಗುತ್ತದೆ? ಪ್ರೋಟೀನ್ ಲೆಕ್ಕವನ್ನೂ ಹೇಳಿಕೊಡಿ.

ಉತ್ತರ: ಐಸಿಯು ಆಹಾರದ ಬಗ್ಗೆ ಕೇಳಬೇಕಾದ ಪ್ರಶ್ನೆ ಇದೇ. ಯಾವ ಫಾರ್ಮುಲಾ (ಟ್ಯೂಬಿಗೆ ಬಿಡುವ ದ್ರವಾಹಾರ, ಅದನ್ನೇ ಫೀಡ್ ಎಂದೂ ಕರೆಯುತ್ತಾರೆ) ಒಳ್ಳೆಯದು ಎಂಬ ಚರ್ಚೆಗಿಂತ, ಬರೆದದ್ದು ಹೊಟ್ಟೆ ಸೇರಿತೇ ಎಂಬುದು ದೊಡ್ಡದು.

60 ಕೆ.ಜಿ. ತೂಕದ, ಒಂದು ವಾರ ಕಳೆದ ರೋಗಿಯನ್ನು ತೆಗೆದುಕೊಳ್ಳಿ. ತೂಕ ಎಂದರೆ ಕಾಯಿಲೆ ಬೀಳುವ ಮುಂಚಿನ ತೂಕ. ಈಗ ಮೈತುಂಬ ನೀರು ತುಂಬಿ ಮಂಚದ ತಕ್ಕಡಿ 70 ತೋರಿಸಿದರೆ ಆ ಹತ್ತು ಕೆ.ಜಿ. ನೀರಿಗೆ ಊಟ ಬೇಕಿಲ್ಲ. ಶಕ್ತಿ ಕೆ.ಜಿ.ಗೆ 25 ಕಿಲೋಕ್ಯಾಲರಿಯಂತೆ 25 × 60, ಅಂದರೆ 1,500 ಕಿಲೋಕ್ಯಾಲರಿ. ಪ್ರೋಟೀನ್ ಕೆ.ಜಿ.ಗೆ 1.3 ಗ್ರಾಂನಂತೆ 1.3 × 60, ಅಂದರೆ 78 ಗ್ರಾಂ. ಮಿ.ಲೀ.ಗೆ 1 ಕಿಲೋಕ್ಯಾಲರಿ, ಲೀಟರ್‌ಗೆ 40 ಗ್ರಾಂ ಪ್ರೋಟೀನ್ ಇರುವ ಸಾಮಾನ್ಯ ಫೀಡ್ ಆದರೆ 1,500 ಮಿ.ಲೀ. ಪೂರ್ತಿ ಹೋದರೂ ಪ್ರೋಟೀನ್ 60 ಗ್ರಾಂ ಅಷ್ಟೇ. ಶುರುವಿನಲ್ಲೇ 18 ಗ್ರಾಂ ಖೋತಾ.

ಈಗ ಆ ರೋಗಿಗೆ ನಿದ್ರೆಗಾಗಿ ಪ್ರೊಪೊಫೋಲ್ ಗಂಟೆಗೆ 15 ಮಿ.ಲೀ. ಹೋಗುತ್ತಿದೆ ಎನ್ನಿ. ಆ ಬಿಳಿ ದ್ರವ ಕೊಬ್ಬಿನಲ್ಲಿ ಕದಡಿದ ಔಷಧ, ಮಿ.ಲೀ.ಗೆ 1.1 ಕಿಲೋಕ್ಯಾಲರಿ. ದಿನಕ್ಕೆ 360 ಮಿ.ಲೀ., ಸುಮಾರು 396 ಕಿಲೋಕ್ಯಾಲರಿ. ಇದನ್ನು ಕಳೆಯದಿದ್ದರೆ ಶಕ್ತಿ ಅತಿಯಾಗುತ್ತದೆ. ಕಳೆದರೆ ಫೀಡ್ 1,104 ಮಿ.ಲೀ.ಗೆ ಇಳಿಯುತ್ತದೆ, ಅದರ ಜೊತೆ ಪ್ರೋಟೀನ್ 44 ಗ್ರಾಂಗೆ ಕುಸಿಯುತ್ತದೆ. ಕ್ಯಾಲರಿ ಲೆಕ್ಕ ಸರಿಯಾಗಿ ಕಾಣುವ ಚಾರ್ಟಿನಲ್ಲೇ ಪ್ರೋಟೀನ್ ಅರ್ಧಕ್ಕಿಂತ ಸ್ವಲ್ಪವೇ ಮೇಲಿರುತ್ತದೆ. ಪ್ರೊಪೊಫೋಲ್ ಹೋಗುತ್ತಿರುವವರಿಗೆ ಪ್ರೋಟೀನ್ ಹೆಚ್ಚಿರುವ ಫಾರ್ಮುಲಾ ಕೇಳಿ. ಇಲ್ಲವೇ ಪ್ರೋಟೀನ್ ಪುಡಿಯನ್ನು ನೀರಿನಲ್ಲಿ ಬೇರೆಯಾಗಿ ಕಲಸಿ, ಟ್ಯೂಬಿಗೆ ಬೇರೆಯಾಗಿಯೇ ಕೊಡಬೇಕು. ಫೀಡ್ ಚೀಲದೊಳಗೆ ಸುರಿಯಬಾರದು.

ಪ್ರೋಟೀನನ್ನು ಇನ್ನೂ ಏರಿಸಿದರೆ ಸ್ನಾಯು ಉಳಿಯುತ್ತದೆಯೇ? ಎಫರ್ಟ್ ಪ್ರೋಟೀನ್ ಎಂಬ 2023ರ ಅಧ್ಯಯನದಲ್ಲಿ ಕೆ.ಜಿ.ಗೆ 2.2 ಗ್ರಾಂ ಅಥವಾ ಮೇಲೆ ಕೊಟ್ಟವರಿಗೆ, 1.2 ಅಥವಾ ಕಡಿಮೆ ಕೊಟ್ಟವರಿಗಿಂತ ಹೆಚ್ಚಿನ ಪ್ರಯೋಜನ ಸಿಗಲಿಲ್ಲ. ಮೂತ್ರಪಿಂಡ ಕೆಟ್ಟವರಲ್ಲಿ ಹಾನಿಯ ಸೂಚನೆಯೂ ಇತ್ತು. 1.3ರ ಗುರಿಯನ್ನು ನಿಜವಾಗಿ ತಲುಪುವುದರಲ್ಲೇ ನಮ್ಮ ಶ್ರಮ ಸಾರ್ಥಕ.

ಇನ್ನು ಸೋರಿಕೆ. 1,500 ಮಿ.ಲೀ.ಯನ್ನು 24 ಗಂಟೆಗೆ ಹಂಚಿದರೆ ಗಂಟೆಗೆ 63. ಬೆಳಗ್ಗೆ 6ಕ್ಕೆ ದಿನದ ಲೆಕ್ಕ ಶುರು. 8ಕ್ಕೆ ಸಿಟಿ ಸ್ಕ್ಯಾನ್ ಎಂದು ನಿಲ್ಲಿಸಿದಿರಿ. ಸ್ಕ್ಯಾನ್ ಮುಗಿಯಿತು, ವಾಪಸ್ ಬಂದ ಮೇಲೆ ಡ್ರೆಸ್ಸಿಂಗ್, ಸ್ನಾನ, ಫಿಸಿಯೋಥೆರಪಿ. ಮತ್ತೆ ಹಚ್ಚುವಾಗ ಮಧ್ಯಾಹ್ನ 2. ಆರು ಗಂಟೆ ಹೋಯಿತು. ಅದೇ 63ರಲ್ಲಿ ಮುಂದುವರಿಸಿದರೆ ದಿನದ ಕೊನೆಗೆ ಸಿಗುವುದು 1,134. ಇದನ್ನು ತುಂಬಲು ಗಂಟೆಯ ವೇಗ ನೋಡದೆ ದಿನದ ಒಟ್ಟು ಅಳತೆ ನೋಡಬೇಕು. ನಿಲ್ಲಿಸುವ ಮುಂಚಿನ ಎರಡು ತಾಸಿನಲ್ಲಿ ಹೋದದ್ದು 126, ಉಳಿದದ್ದು 1,374, ಕೈಯಲ್ಲಿರುವುದು 16 ಗಂಟೆ. ಹಾಗಾದರೆ ಗಂಟೆಗೆ 86. ಇಂಥ ನಿಯಮವಿರುವ ಐಸಿಯುಗಳಲ್ಲಿ ಸಾಮಾನ್ಯವಾಗಿ ಗಂಟೆಗೆ 150 ಮಿ.ಲೀ. ಮೇಲ್ಮಿತಿ ಇಟ್ಟಿರುತ್ತಾರೆ. ನಿಮ್ಮಲ್ಲಿ ಲಿಖಿತ ನಿಯಮ ಇಲ್ಲದಿದ್ದರೆ ಮಾಡಿಸಿಕೊಳ್ಳಿ, ನರ್ಸ್ ಒಬ್ಬರೇ ನಿರ್ಧರಿಸುವ ಹೊರೆ ಇರಬಾರದು.

ನಿಲ್ಲಿಸುವ ಕಾರಣಗಳನ್ನೂ ಪ್ರಶ್ನಿಸಿ. ಮಗ್ಗುಲು ಬದಲಿಸುವಾಗ, ಮೈ ಒರೆಸುವಾಗ ಗಂಟೆಗಟ್ಟಲೆ ನಿಲ್ಲಿಸಬೇಕಿಲ್ಲ. ಬೋರಲು ಮಲಗಿಸಿದವರಿಗೂ ಟ್ಯೂಬಿನಲ್ಲಿ ಆಹಾರ ಕೊಡಬಹುದು. ನಿಲ್ಲಿಸಿದ ಸಮಯ, ಕಾರಣ, ಮತ್ತೆ ಹಚ್ಚಿದ ಸಮಯ, ಈ ಮೂರನ್ನು ಒಂದು ವಾರ ಬರೆದಿಟ್ಟು ನೋಡಿ. ಸೋರುವ ಜಾಗ ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಒಂದು ಎಚ್ಚರಿಕೆ: ಇನ್ಸುಲಿನ್ ಪಂಪ್ ಓಡುತ್ತಿರುವಾಗ ಫೀಡ್ ನಿಲ್ಲಿಸಿದರೆ ಅದೇ ಕ್ಷಣ ಇನ್ಸುಲಿನ್ ಬಗ್ಗೆಯೂ ವೈದ್ಯರಿಗೆ ಹೇಳಬೇಕು. ನಿದ್ರೆಯ ಔಷಧದಲ್ಲಿರುವ ರೋಗಿ ಸಕ್ಕರೆ ಕುಸಿದರೂ ಬೆವರಿ, ತೊದಲಿ ತೋರಿಸಲಾರರು.

ಪ್ರಶ್ನೆ: ಟ್ಯೂಬ್ ಹೊಟ್ಟೆಯಲ್ಲೇ ಇದೆ ಎಂದು ಹೇಗೆ ಖಚಿತಪಡಿಸಿಕೊಳ್ಳುತ್ತಾರೆ? ಸಿರಿಂಜಿನಲ್ಲಿ ಗಾಳಿ ಊದಿ ಸ್ಟೆತಸ್ಕೋಪ್ ಇಟ್ಟು ಕೇಳಿದರೆ ಸಾಕೇ?

ಉತ್ತರ: ಸಾಲದು. ಟ್ಯೂಬ್ ಶ್ವಾಸಕೋಶದಲ್ಲೋ ಅನ್ನನಾಳದಲ್ಲೋ ಇದ್ದಾಗಲೂ ಗುಳುಗುಳು ಸದ್ದು ಹೊಟ್ಟೆಯ ಮೇಲೆ ಕೇಳಿಸಬಹುದು. ಆ ಸದ್ದನ್ನು ನಂಬಿ ಫೀಡನ್ನು ಶ್ವಾಸಕೋಶಕ್ಕೆ ಬಿಟ್ಟು ಜೀವ ಹೋದ ಪ್ರಕರಣಗಳು ದಾಖಲಾಗಿವೆ. ನಿದ್ರೆಯ ಔಷಧದಲ್ಲಿರುವವರು ತಪ್ಪು ದಾರಿಗೆ ಹೋದರೂ ಕೆಮ್ಮದೇ ಇರಬಹುದು, ಹಾಗಾಗಿ ‘ಕೆಮ್ಮಲಿಲ್ಲ’ ಎಂಬುದೂ ಸಾಕ್ಷಿಯಲ್ಲ.

ಹಾಕುವ ಮೊದಲು ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ಕೆಳತುದಿಗೆ ಟ್ಯೂಬ್ ಹಿಡಿದು ಅಳೆಯುತ್ತಾರೆ. ಹಾಕಿದ ಮೇಲೆ ಎಳೆದ ದ್ರವದ ಪಿಎಚ್ (ಆಮ್ಲದ ಅಳತೆ, ಅಂಕಿ ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 5.5 ಅಥವಾ ಕಡಿಮೆ ಇದ್ದರೆ ಹೊಟ್ಟೆಯದು ಎನ್ನಬಹುದು. ಆದರೆ ಐಸಿಯುನಲ್ಲಿ ಬಹುತೇಕರಿಗೆ ಆಮ್ಲ ತಗ್ಗಿಸುವ ಔಷಧ ಕೊಟ್ಟಿರುವುದರಿಂದ ಪಿಎಚ್ ಏರಿರುತ್ತದೆ. ಹಾಗಾಗಿ ಎಕ್ಸ್‌ರೇ ಬೇಕು. ಅದರಲ್ಲಿ ಟ್ಯೂಬ್ ಎದೆಯ ನಡುವಿನಲ್ಲಿ ನೇರ ಇಳಿದು, ಶ್ವಾಸನಾಳ ಕವಲೊಡೆಯುವ ಜಾಗದಲ್ಲಿ ಯಾವ ಕವಲಿಗೂ ತಿರುಗದೆ, ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆ) ನಡುವಿನಲ್ಲೇ ದಾಟಿ ಎಡಕ್ಕೆ ಹೊರಳಿರಬೇಕು. ತುದಿ ವಪೆಯ ಕೆಳಗೆ ಸ್ಪಷ್ಟವಾಗಿ ಕಾಣಬೇಕು.

ಆಮೇಲೆ ಮೂಗಿನ ಹೊಳ್ಳೆಯ ಹತ್ತಿರ ಟ್ಯೂಬ್ ಮೇಲಿರುವ ಸೆಂಟಿಮೀಟರ್ ಅಂಕಿಯನ್ನು ಬರೆದಿಟ್ಟು, ಪ್ರತಿ ಪಾಳಿಯಲ್ಲೂ ನೋಡಬೇಕು. 55 ಇದ್ದದ್ದು 48 ಆಗಿದ್ದರೆ ಏಳು ಸೆಂಟಿಮೀಟರ್ ಈಚೆ ಬಂದಿದೆ ಎಂದರ್ಥ. ಒಳಕ್ಕೆ ತಳ್ಳಿ ಮುಂದುವರಿಸಬೇಡಿ, ಫೀಡ್ ನಿಲ್ಲಿಸಿ ಮತ್ತೆ ಖಚಿತಪಡಿಸಿಕೊಳ್ಳಿ. ಹಾಸಿಗೆಯ ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ.

ಪ್ರಶ್ನೆ: ಹೊಟ್ಟೆಯಲ್ಲಿ 200 ಮಿ.ಲೀ. ಉಳಿದಿದ್ದರೆ ನಮ್ಮಲ್ಲಿ ಫೀಡ್ ನಿಲ್ಲಿಸಿಬಿಡುತ್ತಾರೆ. ಸರಿಯೇ?

ಉತ್ತರ: ಅದು ಹಳೆಯ ಪದ್ಧತಿ. ಈಗ ಆರು ಗಂಟೆಯಲ್ಲಿ 500 ಮಿ.ಲೀ. ದಾಟಿದರೆ ಮಾತ್ರ ತಡೆಯಲು ಹೇಳುತ್ತಾರೆ. ಅಳೆಯದೆಯೇ ಇದ್ದರೂ ನ್ಯುಮೋನಿಯಾ ಹೆಚ್ಚುವುದಿಲ್ಲ ಎಂದು 2013ರ ಫ್ರೆಂಚ್ ಅಧ್ಯಯನವೊಂದು ತೋರಿಸಿತು. ವಾಂತಿಯಾಗುತ್ತಿದ್ದರೆ, ಹೊಟ್ಟೆ ಉಬ್ಬಿ ಬಿಗಿಯಾಗುತ್ತಿದ್ದರೆ ಆ ಅಂಕಿ ಏನೇ ಇರಲಿ ವೈದ್ಯರನ್ನು ಕರೆಯಿರಿ. ಹೊಟ್ಟೆ ಖಾಲಿಯಾಗುವುದು ನಿಧಾನವಾದರೆ ಮೊದಲು ಮೆಟೊಕ್ಲೊಪ್ರಮೈಡ್ ಅಥವಾ ರಕ್ತನಾಳಕ್ಕೆ ಎರಿಥ್ರೊಮೈಸಿನ್ ಕೊಟ್ಟು ನೋಡುತ್ತಾರೆ. ಎರಿಥ್ರೊಮೈಸಿನ್ ಕೆಲವೇ ದಿನದಲ್ಲಿ ಪ್ರಭಾವ ಕಳೆದುಕೊಳ್ಳುತ್ತದೆ, ಹೃದಯದ ಲಯವನ್ನೂ ಕೆಡಿಸಬಹುದು, ಆದ್ದರಿಂದ ಇಸಿಜಿ ಮೇಲೆ ಕಣ್ಣಿರಬೇಕು. ಅದಕ್ಕೂ ಬಗ್ಗದಿದ್ದರೆ ಟ್ಯೂಬಿನ ತುದಿಯನ್ನು ಜಠರ ದಾಟಿಸಿ ಸಣ್ಣ ಕರುಳಿಗೆ ಒಯ್ಯುತ್ತಾರೆ. ನಿದ್ರೆಗೆ, ನೋವಿಗೆ ಕೊಡುವ ಔಷಧಗಳೇ ಕರುಳನ್ನು ಜಡ ಮಾಡುತ್ತವೆ. ಅವನ್ನು ಇಳಿಸಬಹುದೇ ಎಂದು ಕೇಳುವುದನ್ನು ಮರೆಯಬೇಡಿ.

ಪ್ರಶ್ನೆ: ಟ್ಯೂಬ್ ಪದೇ ಪದೇ ಕಟ್ಟಿಕೊಳ್ಳುತ್ತದೆ. ಹೊಸದು ಹಾಕುವುದು ತಪ್ಪಿಸುವುದು ಹೇಗೆ?

ಉತ್ತರ: ಕಟ್ಟಿಕೊಂಡ ಟ್ಯೂಬನ್ನು ತೆಗೆದು ಬೆಳಕಿಗೆ ಹಿಡಿದು ನೋಡಿ. ಒಳಗೆ ಮೊಸರಿನ ಗಂಟಿನಂಥದ್ದು, ಅದಕ್ಕೆ ಅಂಟಿಕೊಂಡ ಮಾತ್ರೆಯ ಚೂರು ಕಾಣುತ್ತವೆ. ಫೀಡಿನ ಪ್ರೋಟೀನ್ ಆಮ್ಲಕ್ಕೆ ತಾಗಿದರೆ ಒಡೆದು ಗರಣೆಗಟ್ಟುತ್ತದೆ, ಅರೆಬರೆ ಪುಡಿಯಾದ ಮಾತ್ರೆ ಅದಕ್ಕೆ ಕಲ್ಲು ಸೇರಿಸುತ್ತದೆ.

ತಡೆಯುವ ದಾರಿ ನೀರು. ನಿರಂತರ ಫೀಡ್ ಓಡುತ್ತಿದ್ದರೆ ನಾಲ್ಕು ಗಂಟೆಗೊಮ್ಮೆ 30 ಮಿ.ಲೀ. ನೀರು ಹಾಯಿಸಿ. ಔಷಧದ ಮುಂಚೆ ಕನಿಷ್ಠ 15 ಮಿ.ಲೀ., ಒಂದೊಂದು ಔಷಧದ ನಡುವೆ 15 ಮಿ.ಲೀ., ಎಲ್ಲ ಮುಗಿದ ಮೇಲೆ ಮತ್ತೊಮ್ಮೆ. ಈ ನೀರನ್ನೂ ದಿನದ ದ್ರವದ ಲೆಕ್ಕಕ್ಕೆ ಸೇರಿಸಿ. ಎಲ್ಲ ಮಾತ್ರೆಗಳನ್ನು ಒಟ್ಟಿಗೆ ಕುಟ್ಟಿ ಒಂದೇ ಸಲ ಹಾಕುವ ಅಭ್ಯಾಸ ಬಿಡಬೇಕು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧ ಒಂದೇ ಸಲ ರಕ್ತ ಸೇರುತ್ತದೆ, ಅದು ಕಟ್ಟಿಕೊಳ್ಳುವುದಕ್ಕಿಂತ ದೊಡ್ಡ ಅಪಾಯ. ಫಿಟ್ಸ್ ತಡೆಯುವ ಫೆನಿಟೊಯಿನ್ ಫೀಡಿನ ಜೊತೆ ಸೇರಿದರೆ ಸರಿಯಾಗಿ ಹೀರಲ್ಪಡುವುದಿಲ್ಲ, ಫಿಟ್ಸ್ ಮರುಕಳಿಸಬಹುದು. ಅದಕ್ಕೆ ಮುಂಚೆ, ಆಮೇಲೆ ಒಂದೆರಡು ಗಂಟೆ ಫೀಡ್ ನಿಲ್ಲಿಸಬೇಕಾಗುತ್ತದೆ. ಆ ಕಳೆದುಹೋದ ಗಂಟೆಗಳನ್ನು ಮೇಲೆ ಹೇಳಿದ ಹಾಗೆ ತುಂಬಿಕೊಡಿ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್, ಥೈರಾಯ್ಡ್ ಮಾತ್ರೆಗೂ ಇದೇ ತೊಂದರೆ ಇದೆ.

ಕಟ್ಟಿಕೊಂಡರೆ 50 ಅಥವಾ 60 ಮಿ.ಲೀ. ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ನಿಧಾನವಾಗಿ ಹಿಂದೆ ಮುಂದೆ ಆಡಿಸಿ, 20 ನಿಮಿಷ ಕ್ಲಾಂಪ್ ಹಾಕಿ ಬಿಟ್ಟು ಮತ್ತೆ ಪ್ರಯತ್ನಿಸಿ. ಸಣ್ಣ ಸಿರಿಂಜ್ ಬೇಡ, ಅದರ ಒತ್ತಡ ಜಾಸ್ತಿ, ಟ್ಯೂಬ್ ಬಿರಿಯುತ್ತದೆ. ಕೋಲಾ, ಹಣ್ಣಿನ ರಸ ಹಾಕುವವರಿದ್ದಾರೆ, ಅವುಗಳ ಆಮ್ಲ ಗಂಟನ್ನು ಇನ್ನೂ ಗಟ್ಟಿ ಮಾಡುತ್ತದೆ. ಟ್ಯೂಬ್ ಹಾಕುವಾಗ ಅದರೊಳಗಿದ್ದ ತಂತಿಯನ್ನು ಮತ್ತೆ ತೂರಿಸಲು ಎಂದೂ ಹೋಗಬೇಡಿ. ಟ್ಯೂಬಿನ ಪಕ್ಕದ ತೂತಿನಿಂದ ಹೊರಬಂದು ಹೊಟ್ಟೆಗೋ ಅನ್ನನಾಳಕ್ಕೋ ಚುಚ್ಚುತ್ತದೆ.

ಟ್ಯೂಬಿಗೆ ಬಳಸುವ ಸಿರಿಂಜ್ ರಕ್ತನಾಳದ ಲೈನಿಗೆ ಕೂರದಂಥ ಬೇರೆ ತುದಿಯದ್ದೇ ಆಗಿರಲಿ. ಫೀಡ್ ಅಥವಾ ಬಾಯಿಯ ಔಷಧ ತಪ್ಪಿ ರಕ್ತನಾಳಕ್ಕೆ ಹೋದರೆ ತಿದ್ದಿಕೊಳ್ಳಲು ಸಮಯ ಸಿಗುವುದಿಲ್ಲ.

ಪ್ರಶ್ನೆ: ಫೀಡ್ ಶುರುವಾದ ಮೇಲೆ ಅತ್ತೆಯವರಿಗೆ ದಿನಕ್ಕೆ ಐದಾರು ಸಲ ಬೇಧಿ. ಫೀಡ್ ಒಗ್ಗುತ್ತಿಲ್ಲವೇ?

ಉತ್ತರ: ಫೀಡನ್ನು ದೂರುವ ಮೊದಲು ಔಷಧಗಳ ಪಟ್ಟಿ ನೋಡಿಸಿ. ಸಿರಪ್ ರೂಪದ ಎಷ್ಟೋ ಔಷಧಗಳಲ್ಲಿ ಸಿಹಿಗೆ ಸಾರ್ಬಿಟಾಲ್ ಹಾಕಿರುತ್ತಾರೆ. ಅದು ಭೇದಿ ಮಾಡಿಸುವ ಔಷಧವೇ ಸರಿ. ಮೆಗ್ನೀಷಿಯಂ ಇರುವ ಆಂಟಾಸಿಡ್, ಮಲಬದ್ಧತೆಗೆಂದು ಬರೆದು ಆಮೇಲೆ ನಿಲ್ಲಿಸಲು ಮರೆತ ಔಷಧ, ಆಂಟಿಬಯೋಟಿಕ್ ಇವೂ ಕಾರಣ. ಆಂಟಿಬಯೋಟಿಕ್ ಪಡೆದವರಲ್ಲಿ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಸೋಂಕಿಗೆ ಪರೀಕ್ಷೆ ಮಾಡಿಸಬೇಕಾದೀತು. ಪುಡಿ ಕಲಸಿ ಮಾಡಿದ ಫೀಡ್ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ನೇತಾಡಬಾರದು. ಸೀಲಾದ ತಯಾರು ಚೀಲಕ್ಕೆ ಸಾಮಾನ್ಯವಾಗಿ 24 ಗಂಟೆ. ಹಳೆಯದರ ಮೇಲೆ ಹೊಸದನ್ನು ಸುರಿಯುವುದು ಬ್ಯಾಕ್ಟೀರಿಯಾ ಬೆಳೆಸುವ ಕೆಲಸ. ಇವೆಲ್ಲ ಸರಿಯಿದ್ದರೆ ನಾರಿನಂಶವಿರುವ ಫಾರ್ಮುಲಾಕ್ಕೆ ಬದಲಿಸಿ ನೋಡಬಹುದು. ಕೇವಲ ಬೇಧಿಗೆಂದು ಫೀಡ್ ನಿಲ್ಲಿಸುವುದು ಬೇಡ. ಜೊತೆಗೆ ಹೊಟ್ಟೆ ಉಬ್ಬರ, ಜ್ವರ, ಮಲದಲ್ಲಿ ರಕ್ತ ಕಂಡರೆ ಮಾತು ಬೇರೆ, ತಕ್ಷಣ ತಿಳಿಸಿ.

ಪ್ರಶ್ನೆ: ಡಬ್ಬಿಯ ಪುಡಿಗಿಂತ ಮನೆಯಲ್ಲಿ ಮಾಡಿದ ಸೂಪು, ಹಣ್ಣಿನ ರಸ ಮೇಲಲ್ಲವೇ? ನಾವೇ ತಂದುಕೊಡುತ್ತೇವೆ ಅಂದರೂ ಬಿಡುತ್ತಿಲ್ಲ.

ಉತ್ತರ: ಪ್ರೀತಿಯಿಂದ ಮಾಡಿದ್ದನ್ನು ಬೇಡ ಎನ್ನುವುದು ಅವರಿಗೂ ಸುಲಭವಲ್ಲ. ಆದರೆ ಸಣ್ಣ ಟ್ಯೂಬಿನಲ್ಲಿ ಇಳಿಯಬೇಕೆಂದು ಸೂಪನ್ನು ತೆಳು ಮಾಡಿದಷ್ಟೂ ಅದು ನೀರೇ ಆಗುತ್ತದೆ. ದಪ್ಪ ಬಿಟ್ಟರೆ ಕಟ್ಟಿಕೊಳ್ಳುತ್ತದೆ. ಅದರಲ್ಲಿ ಪ್ರೋಟೀನ್ ಎಷ್ಟು, ಪೊಟ್ಯಾಸಿಯಂ ಎಷ್ಟು ಎಂದು ಯಾರೂ ಹೇಳಲಾರರು. ದಿನಕ್ಕೆರಡು ಸಲ ರಕ್ತ ಪರೀಕ್ಷೆ ಮಾಡಿ ಪೊಟ್ಯಾಸಿಯಂ ತೂಗಿಸುತ್ತಿರುವ ರೋಗಿಗೆ ಅದು ಅಪಾಯ. ಗುಣವಾಗಿ ಮನೆಗೆ ಬಂದ ಮೇಲೆ, ಹೊಟ್ಟೆಗೆ ನೇರ ಹಾಕಿದ ದಪ್ಪ ಟ್ಯೂಬ್ ಇದ್ದರೆ, ಡಯಟೀಷಿಯನ್ ಲೆಕ್ಕ ಹಾಕಿಕೊಟ್ಟ ಮನೆಯಡುಗೆಯನ್ನು ರುಬ್ಬಿ ಕೊಡಲು ಅವಕಾಶವಿದೆ.

ಈಗ ನೀವು ಮಾತ್ರ ಕೊಡಬಲ್ಲದ್ದು ಒಂದಿದೆ: ಮಾಹಿತಿ. ಕಾಯಿಲೆಗೆ ಮುಂಚೆ ತೂಕ ಎಷ್ಟಿತ್ತು, ಕಳೆದ ಆರು ತಿಂಗಳಲ್ಲಿ ಎಷ್ಟು ಇಳಿದಿತ್ತು, ಆಸ್ಪತ್ರೆಗೆ ಬರುವ ಮುಂಚೆ ಎಷ್ಟು ದಿನ ಸರಿಯಾಗಿ ಉಂಡಿರಲಿಲ್ಲ, ನುಂಗಲು ತೊಂದರೆ ಇತ್ತೇ, ಮದ್ಯಪಾನ ಇತ್ತೇ. ಇವನ್ನು ಒಂದು ಚೀಟಿಯಲ್ಲಿ ಬರೆದು ಮೊದಲ ದಿನವೇ ಕೊಡಿ. ಏಕೆ ಎಂಬುದಕ್ಕೆ ಮುಂದಿನ ಪತ್ರ ನೋಡಿ.

ಪ್ರಶ್ನೆ: ಅಕ್ಕನಿಗೆ ಗಂಟಲಿನ ಕಾಯಿಲೆ, ಹದಿನೈದು ದಿನದಿಂದ ನೀರು ಬಿಟ್ಟರೆ ಏನೂ ಹೋಗಿರಲಿಲ್ಲ. ಐಸಿಯುನಲ್ಲಿ ಫೀಡ್ ಶುರುಮಾಡಿ ಎರಡನೇ ದಿನಕ್ಕೆ ‘ಫಾಸ್ಫೇಟ್ ಕುಸಿದಿದೆ’ ಎಂದು ಅರ್ಧಕ್ಕೆ ಇಳಿಸಿದರು. ಹಸಿದವಳಿಗೆ ಊಟ ಕಡಿಮೆ ಮಾಡುವುದು ಯಾವ ನ್ಯಾಯ?

ಉತ್ತರ: ಅವರು ಮಾಡಿದ್ದು ಸರಿ. ನೋಡಿ ಹಿಡಿದದ್ದಕ್ಕೆ ಅವರನ್ನು ಮೆಚ್ಚಬೇಕು. ಬಹಳ ದಿನ ಉಪವಾಸವಿದ್ದ ದೇಹ ಕೊಬ್ಬನ್ನು ಸುಟ್ಟುಕೊಂಡು ಬದುಕಿರುತ್ತದೆ. ಒಮ್ಮೆಲೇ ಸಕ್ಕರೆಯಂಶ ಬಂದಾಗ ಇನ್ಸುಲಿನ್ ಚಿಮ್ಮುತ್ತದೆ, ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಷಿಯಂಗಳನ್ನು ಜೀವಕೋಶದೊಳಕ್ಕೆ ಎಳೆದುಕೊಳ್ಳುತ್ತದೆ. ಫಾಸ್ಫೇಟ್ ಇಲ್ಲದೆ ಸ್ನಾಯುಗಳಿಗೆ ಶಕ್ತಿ ತಯಾರಾಗುವುದಿಲ್ಲ. ಉಸಿರಾಟದ ಸ್ನಾಯು ಸೋಲುತ್ತದೆ, ಹೃದಯದ ಲಯ ತಪ್ಪುತ್ತದೆ. ಎರಡನೇ ಮಹಾಯುದ್ಧ ಮುಗಿದಾಗ ಬಿಡುಗಡೆಯಾದ ಕೈದಿಗಳಲ್ಲಿ, ಹೊಟ್ಟೆತುಂಬ ಊಟ ಸಿಕ್ಕ ಮೇಲೆ ಸತ್ತವರಿದ್ದರು. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ.

ಹತ್ತು ದಿನಕ್ಕೂ ಮಿಕ್ಕಿ ಆಹಾರವಿಲ್ಲದವರು, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 16ಕ್ಕಿಂತ ಕಡಿಮೆ ಇರುವವರು, ಕೆಲವೇ ತಿಂಗಳಲ್ಲಿ ಶೇ 15ಕ್ಕಿಂತ ಹೆಚ್ಚು ತೂಕ ಕಳೆದುಕೊಂಡವರು ಹೆಚ್ಚಿನ ಅಪಾಯದಲ್ಲಿರುತ್ತಾರೆ. ಅವರಿಗೆ ಕೆ.ಜಿ.ಗೆ 10 ಕಿಲೋಕ್ಯಾಲರಿಗಿಂತ ಮೇಲೆ ಹೋಗದೆ ಆರಂಭಿಸಿ, ನಾಲ್ಕರಿಂದ ಏಳು ದಿನದಲ್ಲಿ ನಿಧಾನವಾಗಿ ಏರಿಸುತ್ತಾರೆ. ಮೊದಲ ಫೀಡಿಗೂ, ಗ್ಲೂಕೋಸ್ ಬಾಟಲಿಗೂ ಮುಂಚೆಯೇ ಥಯಾಮಿನ್, ಅಂದರೆ ವಿಟಮಿನ್ ಬಿ1, ಕನಿಷ್ಠ 100 ಮಿ.ಗ್ರಾಂ ಕೊಡಬೇಕು. ಸಕ್ಕರೆಯನ್ನು ಉರಿಸಲು ಅದು ಬೇಕೇಬೇಕು, ಉಪವಾಸದಲ್ಲಿ ಅದರ ದಾಸ್ತಾನು ಕೆಲವೇ ವಾರದಲ್ಲಿ ಬರಿದಾಗುತ್ತದೆ. ಅದಿಲ್ಲದೆ ಸಕ್ಕರೆ ಸುರಿದರೆ ಮೆದುಳಿಗೇ ಪೆಟ್ಟು.

ಫಾಸ್ಫೇಟ್ ಲೀಟರ್‌ಗೆ 0.65 ಮಿಲಿಮೋಲ್‌ಗಿಂತ, ಅಂದರೆ ಸುಮಾರು 2 ಮಿ.ಗ್ರಾಂ/ಡೆ.ಲೀ.ಗಿಂತ ಕೆಳಗಿಳಿದರೆ ಎರಡು ದಿನ ಶಕ್ತಿಯ ಪ್ರಮಾಣ ತಗ್ಗಿಸಿ, ಫಾಸ್ಫೇಟ್ ತುಂಬಿ, ದಿನಕ್ಕೆ ಎರಡು ಮೂರು ಸಲ ಪರೀಕ್ಷಿಸುತ್ತಾರೆ. ನಿಮ್ಮ ಅಕ್ಕನಿಗೆ ಆದದ್ದು ಇದೇ. ಮೂರನೇ ದಿನದಿಂದ ಮತ್ತೆ ಏರಿಸುತ್ತಾರೆಯೇ ಎಂದು ವಿಚಾರಿಸಿ.

ಪ್ರಶ್ನೆ: ಮೂಗಿನ ಟ್ಯೂಬಿನ ಕಷ್ಟವೇ ಬೇಡ, ರಕ್ತನಾಳಕ್ಕೇ ಆಹಾರ ಕೊಡಬಹುದಂತೆ. ಎಲ್ಲರಿಗೂ ಏಕೆ ಹಾಗೆ ಮಾಡುವುದಿಲ್ಲ?

ಉತ್ತರ: ಕರುಳು ಕೆಲಸ ಮಾಡುತ್ತಿದ್ದರೆ ಕರುಳನ್ನೇ ಬಳಸುವುದು ಮೊದಲ ಆಯ್ಕೆ. ಬೆಲ್ಜಿಯಂನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಎಪಾನಿಕ್ ಅಧ್ಯಯನದಲ್ಲಿ 4,640 ರೋಗಿಗಳಿದ್ದರು. ಟ್ಯೂಬಿನಲ್ಲಿ ಕಡಿಮೆ ಬಿದ್ದದ್ದನ್ನು ರಕ್ತನಾಳದ ಮೂಲಕ ಬೇಗನೆ ತುಂಬಿಕೊಟ್ಟವರಿಗಿಂತ, ಎಂಟನೇ ದಿನದವರೆಗೆ ಕಾದವರಲ್ಲಿ ಸೋಂಕು ಕಡಿಮೆಯಿತ್ತು, ಅವರು ಐಸಿಯುನಿಂದ ಬೇಗ ಹೊರಬಂದರು. ಆದರೆ ರಕ್ತನಾಳದ ಆಹಾರವನ್ನು ವಿಷವೆಂದು ದೂರವಿಡುವುದೂ ತಪ್ಪು. ಅತಿಯಾಗದಂತೆ ಕೊಟ್ಟರೆ ಅದು ಟ್ಯೂಬಿನ ಆಹಾರಕ್ಕಿಂತ ಅಪಾಯಕಾರಿಯಲ್ಲ ಎಂದು ಬ್ರಿಟನ್ನಿನ 2014ರ ಕ್ಯಾಲರೀಸ್ ಅಧ್ಯಯನ ತೋರಿಸಿದೆ. ಕರುಳು ತುಂಡಾಗಿ ಸೋರುತ್ತಿರುವವರಿಗೆ, ಮೊದಲೇ ತೀರಾ ಸೊರಗಿದ್ದು ಟ್ಯೂಬಿನಲ್ಲಿ ಏನೂ ಹೋಗದವರಿಗೆ ಅದು ಜೀವ ಉಳಿಸುತ್ತದೆ. ಅಂಥವರಿಗೆ ವಾರಗಟ್ಟಲೆ ಕಾಯಬಾರದು.

ಎಡವುವ ಜಾಗಗಳು ಮೂರು. ಒಂದು, ಲೈನ್: ರಕ್ತನಾಳಕ್ಕೆ ಕೊಡುವ ಆಹಾರದ ಚೀಲಕ್ಕೆ ಕೇಂದ್ರೀಯ ರಕ್ತನಾಳದ ಕ್ಯಾಥೆಟರ್‌ನ ಒಂದು ದಾರಿ ಮೀಸಲಿರಬೇಕು, ಅದರಿಂದ ರಕ್ತ ತೆಗೆಯುವುದು, ಬೇರೆ ಔಷಧ ಹಾಕುವುದು ಸಲ್ಲದು. ಎರಡು, ಪ್ರಮಾಣ: ಗ್ಲೂಕೋಸ್ ನಿಮಿಷಕ್ಕೆ ಕೆ.ಜಿ.ಗೆ 5 ಮಿ.ಗ್ರಾಂ ದಾಟಬಾರದು, ಕೊಬ್ಬು ದಿನಕ್ಕೆ ಕೆ.ಜಿ.ಗೆ 1.5 ಗ್ರಾಂ. ಪ್ರೊಪೊಫೋಲಿನ ಕೊಬ್ಬೂ ಇದರೊಳಗೇ ಬರಬೇಕು. ಮೂರನೆಯದು ಎಲ್ಲರೂ ಮರೆಯುವಂಥದ್ದು. ಮೂರು ಕೋಣೆಯ ತಯಾರು ಚೀಲದಲ್ಲಿ ಸಕ್ಕರೆ, ಅಮೈನೋ ಆಮ್ಲ, ಕೊಬ್ಬು ಇರುತ್ತವೆ. ವಿಟಮಿನ್ ಇರುವುದಿಲ್ಲ, ಸತು, ಸೆಲೆನಿಯಂನಂಥವೂ ಸಾಮಾನ್ಯವಾಗಿ ಇರುವುದಿಲ್ಲ. ಅವನ್ನು ದಿನವೂ ಬೇರೆಯಾಗಿ ಸೇರಿಸಬೇಕು.

ಪ್ರಶ್ನೆ: ರಕ್ತದಲ್ಲಿನ ಆಲ್ಬುಮಿನ್ ಎಂಬ ಪ್ರೋಟೀನ್ 2.1 ಬಂದಿದೆ. ಪೌಷ್ಟಿಕತೆ ಸಾಲದು ಎಂದರ್ಥವೇ? ಆಲ್ಬುಮಿನ್ ಬಾಟಲಿ ಹಾಕಿಸಬೇಕೇ?

ಉತ್ತರ: ಇಲ್ಲ. ಉರಿಯೂತವಿದ್ದಾಗ ಯಕೃತ್ತು ಆಲ್ಬುಮಿನ್ ತಯಾರಿಕೆ ತಗ್ಗಿಸುತ್ತದೆ, ಇದ್ದದ್ದು ರಕ್ತನಾಳದಿಂದ ಹೊರಗೆ ಸೋರುತ್ತದೆ. ಐಸಿಯುನಲ್ಲಿ ಆ ಅಂಕಿ ಕಾಯಿಲೆಯ ತೀವ್ರತೆಯನ್ನು ಹೇಳುತ್ತದೆ, ಊಟದ ಕೊರತೆಯನ್ನಲ್ಲ. ಆಲ್ಬುಮಿನ್ ಬಾಟಲಿಗೆ ಬೇರೆ ಉಪಯೋಗಗಳಿವೆ. ಅದು ಪೌಷ್ಟಿಕಾಹಾರವಲ್ಲ.

ಪ್ರಶ್ನೆ: ಕಿಡ್ನಿ ಕೆಟ್ಟು ಡಯಾಲಿಸಿಸ್ ನಡೆದಿದೆ. ಪ್ರೋಟೀನ್ ಕಡಿಮೆ ಮಾಡಬೇಡವೇ?

ಉತ್ತರ: ಡಯಾಲಿಸಿಸ್ ತಪ್ಪಿಸಲೆಂದು ಪ್ರೋಟೀನ್ ಕಡಿತ ಮಾಡಬಾರದು. ನಿರಂತರ ಡಯಾಲಿಸಿಸ್‌ನಲ್ಲಿ ದಿನಕ್ಕೆ 10ರಿಂದ 15 ಗ್ರಾಂ ಅಮೈನೋ ಆಮ್ಲ, ಜೊತೆಗೆ ನೀರಿನಲ್ಲಿ ಕರಗುವ ವಿಟಮಿನ್‌ಗಳು, ಫಾಸ್ಫೇಟ್ ಹೊರಗೆ ಹೋಗುತ್ತವೆ. ಅವನ್ನು ತುಂಬಿಕೊಡಬೇಕು. ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಸಿಟ್ರೇಟ್ ಬಳಸುತ್ತಿದ್ದರೆ ಅದರಿಂದಲೂ ಕ್ಯಾಲರಿ ಬರುತ್ತದೆ, ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ: ಸಕ್ಕರೆ ಕಾಯಿಲೆಯೇ ಇಲ್ಲದ ಗಂಡನಿಗೆ ಇನ್ಸುಲಿನ್ ಕೊಡುತ್ತಿದ್ದಾರೆ. ಸಕ್ಕರೆ 160 ಇದೆ, ‘ಇರಲಿ’ ಅನ್ನುತ್ತಾರೆ.

ಉತ್ತರ: ಕಾಯಿಲೆಯ ಒತ್ತಡಕ್ಕೆ ಸಕ್ಕರೆ ಏರುತ್ತದೆ, ಬಹುತೇಕರಲ್ಲಿ ಆಮೇಲೆ ತಾನೇ ಇಳಿಯುತ್ತದೆ. 180ರ ಮೇಲೆ ಹೋದರೆ ಇನ್ಸುಲಿನ್ ಶುರುಮಾಡಿ 140ರಿಂದ 180ರ ನಡುವೆ ಇಡುತ್ತಾರೆ. 81ರಿಂದ 108ರ ಬಿಗಿ ಹತೋಟಿಯನ್ನು ಪರೀಕ್ಷಿಸಿದ 2009ರ ನೈಸ್-ಶುಗರ್ ಅಧ್ಯಯನದಲ್ಲಿ ಆ ಗುಂಪಿನಲ್ಲೇ ಸಾವು ಹೆಚ್ಚಾಗಿತ್ತು. 160 ಅವರು ಬೇಕೆಂದೇ ಇಟ್ಟಿರುವ ಅಂಕಿ.

ಪ್ರಶ್ನೆ: ಅಮ್ಮ ವೆಂಟಿಲೇಟರ್‌ನಿಂದ ಹೊರಬಂದು ವಾರ್ಡಿಗೆ ಬಂದರು. ಅದೇ ದಿನ ಮೂಗಿನ ಟ್ಯೂಬ್ ತೆಗೆದು ‘ಇನ್ನು ಬಾಯಲ್ಲಿ ತಿನ್ನಿಸಿ’ ಎಂದರು. ಎರಡು ಚಮಚಕ್ಕೆ ಸಾಕು ಅನ್ನುತ್ತಾರೆ, ನೀರು ಕುಡಿದರೆ ಕೆಮ್ಮು.

ಉತ್ತರ: ಇಷ್ಟು ದಿನ ಎಲ್ಲರೂ ಕಾಪಾಡಿಕೊಂಡು ಬಂದ ಲೆಕ್ಕ ಕೈತಪ್ಪುವುದು ಇಲ್ಲಿಯೇ. ಗಂಟಲಿನಲ್ಲಿ ದಿನಗಟ್ಟಲೆ ಟ್ಯೂಬ್ ಇದ್ದವರಿಗೆ ನುಂಗುವ ಸ್ನಾಯುಗಳು ಸೋತಿರುತ್ತವೆ, ಗಂಟಲಿನ ಸಂವೇದನೆ ಮಂಕಾಗಿರುತ್ತದೆ. ನೀರು ಕುಡಿದಾಗ ಕೆಮ್ಮು ಬರುವುದು, ಆಮೇಲೆ ಧ್ವನಿ ಒದ್ದೆಯಾದಂತೆ ಗರಗರ ಅನ್ನುವುದು ನೀರು ಶ್ವಾಸನಾಳದ ಕಡೆ ಜಾರುತ್ತಿದೆ ಎಂಬುದರ ಗುರುತು. ಬಾಯಲ್ಲಿ ಕೊಡುವುದನ್ನು ಸದ್ಯಕ್ಕೆ ನಿಲ್ಲಿಸಿ, ನುಂಗುವ ಪರೀಕ್ಷೆ ಮಾಡಿಸಲು ಇವತ್ತೇ ಕೇಳಿ. ಕೆಮ್ಮದೆಯೇ ಜಾರುವುದೂ ಉಂಟು, ಹಾಗಾಗಿ ಕೆಮ್ಮು ನಿಂತಿತು ಎಂದು ಸಮಾಧಾನಪಡಬೇಡಿ. ಪರೀಕ್ಷೆ ಮಾಡಿದವರು ದ್ರವವನ್ನು ಎಷ್ಟು ಮಂದ ಮಾಡಬೇಕು, ಆಹಾರ ಎಷ್ಟು ಮೆತ್ತಗಿರಬೇಕು ಎಂದು ಹೇಳುತ್ತಾರೆ.

ಟ್ಯೂಬ್ ಮತ್ತೆ ಹಾಕಬೇಕಾಗಬಹುದು. ಅದನ್ನು ಹಿನ್ನಡೆ ಎಂದುಕೊಳ್ಳಬೇಡಿ. ಹಗಲು ಬಾಯಲ್ಲಿ ಅಭ್ಯಾಸ, ರಾತ್ರಿ 8ರಿಂದ ಬೆಳಗ್ಗೆ 6ರವರೆಗೆ ಪಂಪಿನಲ್ಲಿ ಫೀಡ್ ಎಂದು ಹೊಂದಿಸಿದರೆ ಹಗಲಿನ ಹಸಿವೂ ಉಳಿಯುತ್ತದೆ. ತಿನ್ನಿಸುವಾಗ ನೇರ ಕೂರಿಸಿ, ಗದ್ದ ಸ್ವಲ್ಪ ತಗ್ಗಿರಲಿ, ಮುಗಿದ ಮೇಲೂ ಅರ್ಧ ಗಂಟೆ ಕೂತಿರಲಿ. ಒಂದೇ ಸಲ ತಟ್ಟೆ ತುಂಬ ಇಡದೆ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಕೊಡಿ, ಮೊದಲು ಪ್ರೋಟೀನ್ ಇರುವುದನ್ನು ತಿನ್ನಿಸಿ. ಔಷಧಗಳಿಂದ ನಾಲಿಗೆಯ ರುಚಿ ಕೆಟ್ಟಿರುತ್ತದೆ, ಬಾಯಿ ತೊಳೆಸಿ ಆಮೇಲೆ ಕೊಟ್ಟರೆ ಎರಡು ಚಮಚ ನಾಲ್ಕಾಗಬಹುದು.

ತಟ್ಟೆಯಲ್ಲಿ ಬಡಿಸಿದ್ದನ್ನಲ್ಲ, ಹೊಟ್ಟೆಗೆ ಹೋದದ್ದನ್ನು ಮೂರು ದಿನ ಬರೆದಿಡಿ: ಅರ್ಧ ಲೋಟ, ಕಾಲು ಬಟ್ಟಲು, ಹೀಗೆ. ಡಯಟೀಷಿಯನ್ ಅದನ್ನು ನೋಡಿ ಅಗತ್ಯದ ಮೂರರಲ್ಲಿ ಎರಡು ಪಾಲಾದರೂ ಬಾಯಿಂದಲೇ ಹೋಗುತ್ತಿದೆ ಎಂದ ಮೇಲೆ ಟ್ಯೂಬ್ ತೆಗೆಯಲಿ.